ಕಾರು ಕಂಪನಿಯ ತಿಪ್ಪೆ

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುತ್ತಾರೆ. ಗಂಡಸರು ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಕಬ್ಬು ಎಷ್ಟು ಎಕರೆ, ಎಮ್ಮೆ ಎಷ್ಟು ಎಂದು ಕೇಳಿ, ಹೇಳಿದ್ದನ್ನೆಲ್ಲ ನಂಬಿ ಎದ್ದುಬಿಡುತ್ತಾರೆ. ಹೆಂಗಸರು ಕೈಕಾಲು ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋಗಿ ತಿಪ್ಪೆ ನೋಡುತ್ತಾರೆ. ನೆರೆಮನೆಯ ಎಮ್ಮೆ ತಂದು ಮೇವಿನ ಗ್ವಾದಲಿಗೆ ಕಟ್ಟಬಹುದು. ತಿಪ್ಪೆಯನ್ನು ಯಾರೂ ಎರವಲು ತರುವುದಿಲ್ಲ. ನನ್ನ ಮೂರು ಹೆಣ್ಣುಮಕ್ಕಳನ್ನು ಹಾಗೆಯೇ ಮನೆ ನೋಡಿ ಕೊಟ್ಟೆ. ಒಂದು ಸಂಬಂಧವನ್ನು ತಿಪ್ಪೆ ನೋಡಿಯೇ ಬಿಟ್ಟೆ.

ಆದ್ದರಿಂದ ಮೊಮ್ಮಗಳಿಗೆ ಕಾರು ಕಂಪನಿಯಲ್ಲಿ ಕೆಲಸ ಸಿಕ್ಕಿತು ಎಂದಾಗ, ಮೊದಲು ನಾನು ಹೋಗಿ ನೋಡುತ್ತೇನೆ ಎಂದೆ. ಮಗ ನಕ್ಕ.

"ಯವ್ವಾ, ಅದೇನ ಬೀಗರ ಮನಿ ಅಲ್ಲ. ಕಂಪನಿ ಐತಿ."

"ದಿನಾ ಎಂಟ ತಾಸ ಹುಡುಗಿ ಅಲ್ಲೇ ಇರಾಕಿ. ಮನೀಗಿಂತ ಏನ ಕಮ್ಮಿ?"

ಇವಳು ನಮ್ಮ ಮಗನ ಒಬ್ಬಳೇ ಮಗಳು. ತಾಯಿ ತೀರಿಹೋದಾಗ ಇನ್ನೂ ಶಾಲೆಗೆ ಸೇರಿರಲಿಲ್ಲ, ನಾನೇ ಬೆಳೆಸಿದೆ. ಚಿಕ್ಕೋಡಿಯಲ್ಲಿ ಐಟಿಐ ಕಲಿತಳು, ಕರೆಂಟಿನ ಕೆಲಸ. ನನಗೆ ಬೇಕಾಗಿದ್ದದ್ದು ಒಂದೇ. ಅವಳ ಕೈಗೆ ಒಂದು ಕಸುಬು ಹತ್ತಬೇಕು. ಹೊಲ ಪಾಲಾಗುತ್ತದೆ, ಗಂಡ ಹೇಗೆ ಸಿಗುತ್ತಾನೋ ಯಾರಿಗೆ ಗೊತ್ತು, ಕೈಯಲ್ಲಿನ ಕಸುಬನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಅದೇ ವಾರ ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯವರೂ ಮೋಟಾರಿಗೆ ತಂತಿ ಸುತ್ತುವ ವಿಭಾಗಕ್ಕೆ ಕರೆದಿದ್ದರು. ಕಬ್ಬಿನ ಮಡ್ಡಿಯ ವಾಸನೆ, ಹೊಗೆ, ಎಣ್ಣೆ. ನನ್ನ ಗಂಡ ಅಂಥ ಕಾರ್ಖಾನೆಯಲ್ಲೇ ದುಡಿದು ಮುದುಕನಾದವನು. ನಾನು ಅಲ್ಲಿಗೇ ಹೋಗು ಅಂದೆ. ಅವಳಿಗೆ ಕಾರು ಬೇಕಾಗಿತ್ತು.

ಕಂಪನಿ ಇದ್ದದ್ದು ಚಿಕ್ಕೋಡಿ ದಾಟಿ ನಿಪ್ಪಾಣಿ ರಸ್ತೆಯ ಬದಿಗೆ. ಮೊದಲ ಕಾರು ಹೊರಬೀಳುವ ದಿನ ಕೆಲಸಗಾರರ ಮನೆಯವರನ್ನೆಲ್ಲ ಪೂಜೆಗೆ ಕರೆದಿದ್ದರು. ಒಳಗಿನ ನೆಲ ನಮ್ಮ ದೇವರ ಕೋಣೆಗಿಂತ ಸ್ವಚ್ಛ ಇತ್ತು. ಕಾರಿಗೆ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಪೇಢೆ ಹಂಚಿದರು. ಎಲ್ಲರೂ ಕಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನಾನು ಅಲ್ಲಿದ್ದ ಸೂಪರ್‌ವೈಜರನನ್ನು ಕೇಳಿದೆ.

"ತಮ್ಮಾ, ಇಲ್ಲಿ ತಿಪ್ಪಿ ಎಲ್ಲಿ ಐತಿ?"

"ಏನ್ರಿ ಆಯಿ?"

"ಕಸಾ, ಕಸಾ. ಕೆಲಸ ಮಾಡಿದ ಮ್ಯಾಲೆ ಉಳಿದದ್ದು ಎಲ್ಲಿ ಚೆಲ್ತೀರಿ?"

ಅವನು ಒಳ್ಳೆಯ ಹುಡುಗ. ನಗುತ್ತ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಬಿಳಿ ಥರ್ಮಾಕೋಲು, ಪ್ಲಾಸ್ಟಿಕ್ ಹಾಳೆ, ಮತ್ತು ಕಟ್ಟಿಗೆಯ ಪೆಟ್ಟಿಗೆ. ಎಷ್ಟು ಪೆಟ್ಟಿಗೆಗಳೆಂದರೆ ಗುಡ್ಡ ಬಿದ್ದಿತ್ತು. ಕಬ್ಬಿಣದ ಒಂದು ಚೂರು ಇಲ್ಲ, ಬೂದಿ ಇಲ್ಲ, ಕಪ್ಪು ಎಣ್ಣೆಯ ಒಂದು ಕಲೆ ಇಲ್ಲ.

"ಕಬ್ಬಿಣ ಕೊಯ್ಯೂದಿಲ್ಲೇನ ನೀವು?"

"ಇಲ್ರಿ. ಎಲ್ಲಾ ಪರದೇಶದಿಂದ ತಯಾರಾಗಿ ಪೆಟಗ್ಯಾಗ ಬರ್ತಾವ. ನಾವು ಜೋಡಸ್ತೀವಿ. ಅವರದ ಕಾರು, ಅವರದ ಹೆಸರು. ನಮ್ಮ ಮಾಲಕರು ಲೈಸನ್ಸ್ ತಗೊಂಡಾರ."

"ಅಂದ್ರ ಲಾವಣಿ ಹೊಲ. ಮಂದಿ ಹೊಲಾ, ವರ್ಷಕ್ಕಿಷ್ಟ ಅಂತ ರೊಕ್ಕಾ ಕೊಟ್ಟ ಮಾಡೂದು."

"ಹಂಗ ಅನ್ರಿ ಬೇಕಾದ್ರ."

"ಲಾವಣಿ ಹೊಲದಾಗ ಯಾರರೆ ಮಾವಿನ ಗಿಡ ಹಚ್ತಾರೇನೋ?"

ಅಷ್ಟರಲ್ಲಿ ಮೊಮ್ಮಗಳು ಬಂದು ನನ್ನ ರಟ್ಟೆ ಹಿಡಿದು ಎಳೆದಳು. ಮೋರೆ ಕೆಂಪಾಗಿತ್ತು. "ಆಯಿ, ಎಲ್ಲಾರ ಮುಂದ ನನ್ನ ಮಾನಾ ಕಳೀಬ್ಯಾಡ ನಡಿ" ಅಂದಳು. ಮರುದಿನದಿಂದ ನಮ್ಮೂರು ಕಬ್ಬೂರಿಗೆ ಕಂಪನಿಯ ಬಸ್ಸು ಬರತೊಡಗಿತು, ಅವಳು ಹತ್ತಿ ಹೋದಳು.

ಮುಂದಿನ ಎರಡು ವರ್ಷ ನಾನು ಬಾಯಿ ಮುಚ್ಚಿಕೊಂಡಿರಬೇಕಾಯಿತು. ಎಲ್ಲಿ ನೋಡಿದರೂ ಆ ಕಾರು. ಅಥಣಿಯ ದ್ರಾಕ್ಷಿಯವರು ತೆಗೆದುಕೊಂಡರು, ನಿಪ್ಪಾಣಿಯ ವ್ಯಾಪಾರದ ಜೈನರ ಮನೆಗಳ ಮುಂದೆ ಎರಡೆರಡು ನಿಂತವು. ಮದುವೆಗಳಿಗೆ ಹೂವು ಕಟ್ಟಿಸಿಕೊಂಡು ಅದೇ ಬರುತ್ತಿತ್ತು. ಪೆಟ್ಟಿಗೆಯ ಕಟ್ಟಿಗೆಯನ್ನು ನಮ್ಮ ಓಣಿಯ ಬಡಿಗ ಟ್ರ್ಯಾಕ್ಟರಿನಲ್ಲಿ ತರುತ್ತಿದ್ದ. ಊರಿನ ಅರ್ಧ ಕೊಟ್ಟಿಗೆಗಳಿಗೆ ಅದರದೇ ಬಾಗಿಲು. ನಮ್ಮ ಕೋಳಿಗೂಡಿನ ಮೇಲೂ ಯಾರಿಗೂ ಓದಲು ಬಾರದ ಅಕ್ಷರ.

ಆದರೆ ಅವಳ ಅಂಗಿ ಒಗೆಯುವವಳು ನಾನು. ಗಂಡನ ಕಾರ್ಖಾನೆಯ ಅಂಗಿಯನ್ನು ಕಲ್ಲಿಗೆ ಬಡಿದು ಬಡಿದು ನನ್ನ ರಟ್ಟೆ ಬಿದ್ದುಹೋಗಿತ್ತು. ಇವಳದು ನೀರಲ್ಲಿ ಅದ್ದಿ ತೆಗೆದರೆ ಮುಗಿಯಿತು. ದಿನವೂ ಹಾಗೆಯೇ. ಕೆಲಸ ಮಾಡುವವರ ಅಂಗಿ ಇಷ್ಟು ಸ್ವಚ್ಛ ಇರುವುದು ಹೇಗೆ? ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಹುಡುಗಿ ಕೆಲಸಕ್ಕೆ ಹೋಗುತ್ತಿದ್ದಾಳೋ ಇಲ್ಲವೋ? ಬಸ್ಸು ಹತ್ತಿ ಎಲ್ಲಿ ಇಳಿಯುತ್ತಾಳೆ, ಯಾರ ಜೊತೆ ತಿರುಗುತ್ತಾಳೆ?

ಒಂದು ದಿನ ಯಾರಿಗೂ ಹೇಳದೆ ಚಿಕ್ಕೋಡಿ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದು, ಮಧ್ಯಾಹ್ನ ಕಂಪನಿಯ ಗೇಟಿಗೆ ಹೋಗಿ ನಿಂತೆ. ಕಾವಲಿನವನಿಗೆ ಹುಡುಗಿಯ ಗುರುತು ಹೇಳಿ, ಒಳಗಿದ್ದಾಳೋ ಹೇಳು ಅಂದೆ. ಅವನು ಫೋನು ಮಾಡಿ ಅವಳನ್ನೇ ಹೊರಗೆ ಕರೆಸಿದ. ಮನೆಯಲ್ಲಿ ಯಾರೋ ಸತ್ತರೆಂದು ಗಾಬರಿಯಾಗಿ ಓಡಿಬಂದಳು.

"ಏನಾತ ಆಯಿ? ಅಪ್ಪಗ ಏನರೆ ಆತೇನ?"

"ಏನೂ ಆಗಿಲ್ಲ. ಇಲ್ಲೇ ಅದೀ ಇಲ್ಲೋ ನೋಡಾಕ ಬಂದೆ."

ಅವಳು ಕಾವಲಿನವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಅವನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ. "ನೋಡಿದಿ? ಹೋಗಿನ್ನ" ಅಂದು ತಿರುಗಿ ಹೋದಳು. ಹದಿನೈದು ದಿನ ನಾನು ಬಡಿಸಿದ ರೊಟ್ಟಿ ತಿಂದಳು, ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ವರ್ಷ ಕಟ್ಟಿಗೆ ಬರುವುದು ನಿಂತಿತು. ಕಂಪನಿಯವರಿಗೆ ಗೊತ್ತಾಗುವ ಮೊದಲು ನಮ್ಮ ಬಡಿಗನಿಗೆ ಗೊತ್ತಾಯಿತು. ಎಮ್ಮೆಯ ಗ್ವಾದಲಿಗೆ ಎರಡು ಹಲಗೆ ಕೇಳಲು ಹೋದರೆ, "ಎಲ್ಲಿಂದ ತರ್ಲಿ ಆಯಿ? ಎರಡ ತಿಂಗಳಾತು ಒಂದ ಪೆಟಗಿ ಹೊರಗ ಬಂದಿಲ್ಲ" ಅಂದ. ಪೆಟ್ಟಿಗೆ ಹೊರಗೆ ಬಂದಿಲ್ಲ ಎಂದರೆ ಒಳಗೂ ಹೋಗಿಲ್ಲ. ಸಂಜೆ ಮೊಮ್ಮಗಳನ್ನು ಕೇಳಿದೆ.

"ನಿಮ್ಮಲ್ಲಿ ಏನ ಕೆಲಸ ನಡದೈತಿ ಈಗ?"

"ಹೊಸಾ ಮಾಡೆಲ್ ಬರೂದೈತಿ. ತಯಾರಿ ನಡದೈತಿ."

"ತಯಾರಿ ಅಂದ್ರ?"

"ನೆಲದ ಮ್ಯಾಲಿನ ಹಳದಿ ಗೆರಿ ಎಲ್ಲಾ ಅಳಸಿದ್ವು. ಈಗ ಮತ್ತ ಬಣ್ಣಾ ಹಚ್ಚಾಕತ್ತೀವಿ."

"ಮತ್ತ ನಾಳೆ?"

ಅವಳು ಊಟದ ಡಬ್ಬಿ ತೊಳೆಯಲು ಹಿತ್ತಲಿಗೆ ಹೋದಳು. ಅವಳಿಗೂ ವಾಸನೆ ಹೊಡೆದಿತ್ತು, ಬಾಯಿಬಿಟ್ಟು ಹೇಳಲು ಮನಸ್ಸಿರಲಿಲ್ಲ.

ಕಬ್ಬು ಕಡಿಯುವ ಗ್ಯಾಂಗುಗಳು ಊರಿಗೆ ಬಂದಿಳಿದ ಹೊತ್ತಿಗೆ ಗೇಟಿಗೆ ಕಾಗದ ಅಂಟಿಸಿದರು. ಪರದೇಶದವರು ಲೈಸನ್ಸು ಮುಂದುವರಿಸಲಿಲ್ಲ. ಪೆಟ್ಟಿಗೆ ಕಳಿಸುವುದಿಲ್ಲ, ಹೆಸರೂ ಹಾಕಬಾರದು. ಇಲ್ಲಿನ ಮಾಲಕರು ಅಷ್ಟು ದೊಡ್ಡ ಕಾರ್ಖಾನೆ ಕಟ್ಟಿದ್ದರು, ಆ ಕಾರಿನ ಒಂದು ಸ್ಕ್ರೂ ಮಾಡಲೂ ಅವರಿಗೆ ಬರುತ್ತಿರಲಿಲ್ಲ. ಎಲ್ಲರ ಕೈಗೂ ಒಂದೊಂದು ಸರ್ಟಿಫಿಕೇಟು ಕೊಟ್ಟು ಕಳಿಸಿದರು. ಹೊಳೆಯುವ ಕಾಗದ. ಮಗ ಅದಕ್ಕೆ ಚೌಕಟ್ಟು ಹಾಕಿಸುತ್ತೇನೆ ಎಂದ. ನಾನು ಒಳಗೊಳಗೇ, ನೋಡು, ನಾನು ಮೊದಲೇ ಹೇಳಿದ್ದೆ ಎಂದು ಬೀಗುತ್ತಿದ್ದೆ. ಸುಳ್ಳು ಏಕೆ ಹೇಳಲಿ, ಹುಡುಗಿ ಮನೆಯಲ್ಲಿ ಮೋರೆ ಸಣ್ಣದು ಮಾಡಿಕೊಂಡು ಕೂತಿದ್ದರೂ ನನಗೆ ಒಂದಿಷ್ಟು ಖುಷಿಯೇ ಇತ್ತು.

ಆ ಖುಷಿ ಇಳಿದದ್ದು ಒಂದು ಸೋಮವಾರ. ಕಾಗವಾಡದ ಕಡೆಯ ಒಬ್ಬ ದ್ರಾಕ್ಷಿ ವ್ಯಾಪಾರಿಯ ಕಾರು, ಅದೇ ಕಂಪನಿಯದು, ನಮ್ಮೂರ ಬಸ್ ನಿಲ್ದಾಣದ ಹತ್ತಿರ ನಿಂತುಬಿಟ್ಟಿತು. ಅಲ್ಲಿದ್ದವರು ಯಾರೋ, ಕಂಪನಿಯ ಹುಡುಗಿಯೇ ಇದ್ದಾಳಲ್ಲ ಎಂದು ಅವನನ್ನು ನಮ್ಮ ಮನೆಗೆ ಕರೆತಂದರು. ನಾನು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಹೊರಟೆ, ನನ್ನ ಮೊಮ್ಮಗಳ ಕೈ ನೋಡಲಿ ಎಲ್ಲರೂ ಎಂದು.

ಅವನು ಮುಂದಿನ ಮುಚ್ಚಳ ಎತ್ತಿದ. ಅವಳು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಸುತ್ತ ಇಪ್ಪತ್ತು ಜನ.

"ಹಚ್ಚಬೇ ಕೈ" ಅಂದೆ.

"ಆಯಿ, ನನಗ ಬರೂದಿಲ್ಲ."

"ಬರೂದಿಲ್ಲಂದ್ರ? ಮೂರ ವರ್ಷ ಏನ ಮಾಡಿದಿ?"

"ಎಡಗಡೆ ಮುಂದಿನ ಬಾಗಲದಾಗ ವಾಯರ್ ಕೂಡಸ್ತಿದ್ದೆ. ನಾಕ ಕ್ಲಿಪ್. ಮುಂದಿನ ಕಾರು ಬರೂದು, ಅದಕ್ಕೂ ನಾಕ ಕ್ಲಿಪ್."

"ಬಲಗಡೆ?"

"ಅದನ್ನ ಬ್ಯಾರೆದಾಕಿ ಮಾಡ್ತಿದ್ಲು."

ಯಾರೋ ನಕ್ಕರು. ವ್ಯಾಪಾರಿ ಮುಚ್ಚಳ ಇಳಿಸಿದ. ಅವನ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋದರು.

ಮೂರು ವರ್ಷ ನಾನು ಕಂಪನಿಯನ್ನು ಅನುಮಾನಿಸಿದೆ, ಮಾಲಕರನ್ನು, ಬಸ್ಸನ್ನು, ಹುಡುಗಿಯ ನಡತೆಯನ್ನು ಅನುಮಾನಿಸಿದೆ. ನಿನಗೆ ಏನು ಕಲಿಸಿದರು ಎಂಬ ಒಂದು ಮಾತು ಕೇಳಲಿಲ್ಲ. ಅಂಗಿ ದಿನವೂ ಕೈಯಲ್ಲಿ ಹಿಡಿದು ನೋಡಿದವಳು ನಾನೇ, ಅದರ ಅರ್ಥ ತಪ್ಪು ತಿಳಿದವಳೂ ನಾನೇ. ಐಟಿಐನಲ್ಲಿ ಕಲಿತದ್ದನ್ನೂ ಅವಳು ಆ ನಾಲ್ಕು ಕ್ಲಿಪ್ಪಿನಲ್ಲಿ ಮರೆತು ಬಂದಿದ್ದಳು. ಸಕ್ಕರೆ ಕಾರ್ಖಾನೆಯ ಆ ಜಾಗ ಬೇರೆಯವರಿಗೆ ಹೋಗಿ ಯಾವ ಕಾಲವಾಯಿತೋ.

ಮರುದಿನ ಬೆಳಿಗ್ಗೆ ಅವಳೇ ಎದ್ದು, ಚಿಕ್ಕೋಡಿ ರಸ್ತೆಯ ಗ್ಯಾರೇಜಿಗೆ ಹೋಗುತ್ತೇನೆ ಎಂದಳು. ಅಪ್ಪ ಸರ್ಟಿಫಿಕೇಟು ತೆಗೆದುಕೊಂಡು ಹೋಗು ಅಂದ. ಅವಳು ಬೇಡ ಅಂದಳು. ನಾನೂ ಚಪ್ಪಲಿ ಮೆಟ್ಟಿದೆ. ಈ ಸಲ ಅವಳು ಬೇಡ ಅನ್ನಲಿಲ್ಲ.

ಗ್ಯಾರೇಜಿನವನು ಐವತ್ತು ದಾಟಿದವನು, ಬಾಯಲ್ಲಿ ತಂಬಾಕು. ಅವಳನ್ನು ಮೇಲಿಂದ ಕೆಳಗೆ ನೋಡಿದ.

"ದೊಡ್ಡ ಕಂಪನ್ಯಾಗಿದ್ದಾಕಿ. ನಿನಗ ನಾ ಏನ ಕಲಸ್ಲಿ ತಂಗಿ? ನೀನ ನನಗ ಕಲಸಬೇಕ."

"ನನಗ ಏನೂ ಬರೂದಿಲ್ರಿ ಕಾಕಾ. ಒಂದ ಬಾಗಲಾ ಬರ್ತೈತಿ ಅಷ್ಟ. ಮೊದಲಿಂದ ಕಲಸ್ರಿ."

ಅವನು ತಂಬಾಕು ಉಗುಳಿ ಬಂದ. "ಬರ್ತೈತಿ ಅಂತ ಬಂದವರಿಗೆ ಕಲಸೂದು ತ್ರಾಸ. ನೀ ನಡೀತೀ" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಆಯಿ, ನೀವಿನ್ನ ಮನಿಗೆ ಹೋಗ್ರಿ. ಸಂಜಿಕ ಬರ್ತಾಳ."

"ಹೋಗ್ತೇನಿ" ಅಂದೆ. "ಮೊದಲ ಆಕಿ ಕೈಯಾಗ ಏನ ಕೊಡ್ತಿ ಅದನ್ನ ನೋಡ್ತೇನಿ. ಕಸಬರಿಗಿ ಕೊಟ್ಟಿ ಅಂದ್ರ ಈಗಿಂದೀಗ ಕರಕೊಂಡ ಹೋಗಾಕಿ."

ಅವನು ಒಂದು ಹಳೆಯ ಜೀಪಿನ ಸ್ಟಾರ್ಟರ್ ಮೋಟಾರು ತಂದು ಅವಳ ಮುಂದೆ ಇಟ್ಟು, ಪೂರ್ತಿ ಬಿಚ್ಚು, ಬಿಚ್ಚಿದ್ದನ್ನು ಸಾಲಾಗಿ ಇಡು, ಮಧ್ಯಾಹ್ನದೊಳಗೆ ಮತ್ತೆ ಜೋಡಿಸಬೇಕು ಎಂದ. ಅವಳು ನೆಲದ ಮೇಲೆ ಕೂತಳು. ನಾನು ಎದುರಿನ ಹಳೆಯ ಟೈರಿನ ಮೇಲೆ ಕೂತೆ. ಜೋಡಿಸಿದಾಗ ಒಂದು ವಾಶರು ಹೊರಗೆ ಉಳಿಯಿತು. ಅವನು ಮತ್ತೆ ಬಿಚ್ಚಲು ಸನ್ನೆ ಮಾಡಿದ. ಅವಳು ಮತ್ತೆ ಬಿಚ್ಚಿದಳು. ಆಗ ನಾನು ಎದ್ದು ಬಸ್ಸಿಗೆ ಹೋದೆ.