ಹತ್ತು ಬೆರಳಿನ ನೆಟಿಗೆ

ಮೊನ್ನೆ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ನಮ್ಮವ್ವ. ಅವ್ವ ಎಂದರೆ ತಾಯಿಯ ತಾಯಿ. ತೆಲುಗಿನ ಗಾಳಿ ಬೀಸುವ ನಮ್ಮ ಸೀಮೆಯಲ್ಲಿ ಅಜ್ಜಿಯೂ ಅವ್ವನೇ. ಕಣ್ಣು ತೋರಿಸಲು ಆಸ್ಪತ್ರೆಗೆ ಕರೆತಂದಿದ್ದೆ, ಪೊರೆ ಬಂದಿದೆ ಎಂದಿದ್ದರು. ಎದುರಿನ ಬೆಂಚಿನಲ್ಲಿ ಯಾರೋ ಹೆಂಗಸು ಮಗುವಿನ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ, ಲಟಲಟ ನೆಟಿಗೆ ಮುರಿದಳು. ನಾನು ಕೂತಲ್ಲೇ ಬೆಚ್ಚಿಬಿದ್ದೆ. ನಗಬೇಡಿ. ಆ ಸದ್ದಿನಿಂದ ನಾನು ಒಮ್ಮೆ ಕೆಲಸವನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಇಂಗ್ಲೆಂಡಿನ ಸಣ್ಣ ಊರೊಂದರ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿದವಳು ನಾನು. ನಮ್ಮೂರು ಕುರುಗೋಡಿನಲ್ಲಿ ಬಿಸಿಲನ್ನು ಬಾಯಿತುಂಬ ಬೈಯುತ್ತಿದ್ದವಳು ಅಲ್ಲಿ ಬಿಸಿಲು ಕಂಡರೆ ಕೈಮುಗಿಯುತ್ತಿದ್ದೆ. ಮೊದಲ ದಿನ ತರಗತಿಯೊಳಗೆ ಕಾಲಿಟ್ಟಾಗ ಒಂದು ಮಗುವೂ ಎದ್ದು ನಿಲ್ಲಲಿಲ್ಲ. ತಪ್ಪು ಕೋಣೆಗೆ ಬಂದೆನೇನೋ ಎಂದು ಹೊರಗೆ ಹೋಗಿ ಬಾಗಿಲ ಮೇಲಿನ ಫಲಕ ನೋಡಿ ಬಂದೆ! ಬೈಯಬೇಕಾದಲ್ಲಿ ಬೈಯದೆ, "ಹೀಗೆ ಮಾಡಿದ್ದು ಸರಿಯೇ, ಯೋಚಿಸು" ಎನ್ನುವುದನ್ನೂ ಕಲಿತೆ. ಕೈಯನ್ನು ಹಿಡಿತದಲ್ಲಿಡುವುದು ಮಾತ್ರ ಬರಲಿಲ್ಲ. ನಮ್ಮ ಕಡೆ ಟೀಚರಮ್ಮನ ಕೈ ಸುಮ್ಮನಿರುವುದುಂಟೇ? ಕೆನ್ನೆ ಹಿಂಡುತ್ತದೆ, ಬಿಚ್ಚಿದ ಜಡೆ ಕಂಡರೆ ಹಿಡಿದು ಹೆಣೆದೇಬಿಡುತ್ತದೆ.

ನನ್ನ ತರಗತಿಯಲ್ಲಿ ರೂಬಿ ಎಂಬ ಆರು ವರ್ಷದ ಹುಡುಗಿಯಿದ್ದಳು. ಮನೆಯಲ್ಲಿ ಪಟಪಟ ಮಾತು, ಶಾಲೆಯ ಗೇಟು ದಾಟಿದರೆ ಬಾಯಿಗೆ ಬೀಗ. ಒಂದು ಮಧ್ಯಾಹ್ನ ಅವಳು ತಾನಾಗಿಯೇ ಎದ್ದು ಬಂದು, ಬಾತುಕೋಳಿಯ ಕಥೆಯ ಒಂದಿಡೀ ಪುಟವನ್ನು ಎಲ್ಲರೆದುರು ಓದಿಬಿಟ್ಟಳು. ನನಗೆ ಇಂಗ್ಲೆಂಡೇ ಮರೆತುಹೋಯಿತು. ಅವಳ ಕೆನ್ನೆ ಸವರಿ, ನನ್ನ ಹಣೆಗೆ ಒತ್ತಿ, ಲಟಲಟ. ಹತ್ತು ಬೆರಳೂ ಒಟ್ಟಿಗೆ ಮುರಿದವು.

ಮುಂದೆ ಕೂತಿದ್ದ ಹುಡುಗನೊಬ್ಬ, ಮಿಸ್ಸಿನ ಮೂಳೆ ಮುರಿಯಿತು ಎಂದು ಹೋ ಎಂದು ಅತ್ತ.

ಸಂಜೆ ಮುಖ್ಯೋಪಾಧ್ಯಾಯಿನಿ ಕರೆಸಿ ಚಹಾ ಕೊಟ್ಟರು. ಅವರು ಕರೆಸಿ ಚಹಾ ಕೊಟ್ಟರೆಂದರೆ ಏನೋ ಕೆಟ್ಟದ್ದು ಕಾದಿದೆ ಎಂದೇ ಅರ್ಥ. "ಮಗುವಿನ ಮುಖ ಮುಟ್ಟಿ, ಆಮೇಲೆ ನಿನ್ನ ತಲೆಗೆ ನೀನೇ ಹೊಡೆದುಕೊಂಡೆಯಂತೆ. ಮಗುವಿನ ತಾಯಿಯ ಜೊತೆ ಮಾತಾಡುವವರೆಗೆ ನೀನು ತರಗತಿಗೆ ಹೋಗುವಂತಿಲ್ಲ."

ಕೆಲಸ ಹೋದರೆ ವೀಸಾನೂ ಹೋಯಿತು. ಅದು ಹಾಳಾಗಲಿ, ಮಗುವಿಗೆ ಏನೋ ಮಾಡಿದವಳು ಎಂಬ ಹೆಸರು ಹೊತ್ತು ಯಾವ ಮುಖ ಇಟ್ಟುಕೊಂಡು ಕುರುಗೋಡಿಗೆ ಹೋಗಲಿ?

ಮರುದಿನ ರೂಬಿಯ ತಾಯಿ ಬಂದರು, ಬೇಕರಿ ಕೆಲಸದ ಏಪ್ರನ್ನಿನಲ್ಲೇ. ನಾನು ತಡವರಿಸುತ್ತ ಹೇಳಿದೆ: "ಮಗು ಚೆಂದ ಓದಿದಳು. ಚೆಂದದ್ದಕ್ಕೆ ಕೆಟ್ಟ ಕಣ್ಣು ಬೀಳುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಆ ಕೇಡನ್ನು ಅವಳ ಮುಖದಿಂದ ಬಳಿದು ನನ್ನ ತಲೆಗೆ ತೆಗೆದುಕೊಂಡೆ, ಅಷ್ಟೆ."

ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

"ಅಂದರೆ ನನ್ನ ಮಗಳ ಕೇಡು ಈಗ ನಿನ್ನ ಮೇಲಿದೆಯೇ? ನಿನಗೇನಾದರೂ ಆದರೆ?" ಎಂದರು.

ಹುಟ್ಟಿದಾಗಿನಿಂದ ಆ ಸದ್ದು ಕೇಳಿದ್ದೇನೆ. ಹೊಸ ಲಂಗ ತೊಟ್ಟಾಗ, ಪರೀಕ್ಷೆ ಪಾಸಾದಾಗ, ಕೊನೆಗೆ ವಿಮಾನ ಹತ್ತಲು ಹೊರಟಾಗಲೂ ಅವ್ವ ನನ್ನ ಕೆನ್ನೆ ಸವರಿ ತನ್ನ ತಲೆಗೆ ಒತ್ತಿಕೊಂಡಿದ್ದಾಳೆ. ಆಮೇಲೆ ಅವಳಿಗೇನಾಗುತ್ತದೆ ಎಂದು ನಾನಾಗಲಿ, ಮನೆಯ ಮತ್ಯಾರೇ ಆಗಲಿ ಒಮ್ಮೆಯೂ ಕೇಳಿರಲಿಲ್ಲ. ಎಲ್ಲಿಯದೋ ಊರಿನ, ನಮ್ಮ ದೃಷ್ಟಿ ಗಿಷ್ಟಿ ಗೊತ್ತಿಲ್ಲದ ಹೆಂಗಸು ಮೊದಲ ಮಾತಿಗೇ ಕೇಳಿಬಿಟ್ಟಿದ್ದರು. ಅವರೇ ನನ್ನ ಪರ ಮಾತಾಡಿ ಕೆಲಸ ಉಳಿಸಿದರು. ಮಕ್ಕಳ ಮೈ ಮುಟ್ಟಬಾರದೆಂದು ಶಾಲೆಯಿಂದ ತಾಕೀತೂ ಆಯಿತು. ಆ ಪ್ರಶ್ನೆಯ ಪೆಟ್ಟಿನಿಂದ ಮಾತ್ರ ನಾನು ಚೇತರಿಸಿಕೊಂಡಿರಲಿಲ್ಲ.

"ಯಾಕಲೇ, ಹಂಗ ಬೆಚ್ಚಿಬಿದ್ದಿ?" ನಿಲ್ದಾಣದ ಬೆಂಚಿನಲ್ಲಿ ಅವ್ವ ನನ್ನ ಮೊಣಕೈ ತಿವಿದಳು.

"ಅವ್ವ, ನೀನು ನನಗ ದಿಷ್ಟಿ ತಗೀತಿಯಲ್ಲ, ಅದು ನಿನಗ ಹತ್ತಂಗಿಲ್ಲೇನು?"

ಅವಳು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಲೂ ಇಲ್ಲ. "ಹತ್ತತೈತಿ. ನನಗ ಹತ್ತಲಿ ಅಂತಾನ ಅಲ್ಲೇನು ತಗಿಯಾದು?"

ನಾನು ದಂಗಾದೆ. ಅವಳಿಗೆ ಗೊತ್ತಿತ್ತು. ಪ್ರತಿ ಸಲವೂ ಗೊತ್ತಿದ್ದೇ ಮಾಡಿದ್ದಳು. ಅವಳ ಸುಕ್ಕುಗಟ್ಟಿದ ಕೆನ್ನೆಯನ್ನು ಎರಡೂ ಕೈಯಿಂದ ಸವರಿ ನನ್ನ ಹಣೆಗೆ ಒತ್ತಿಕೊಂಡೆ.

"ಏ ಹುಚ್ಚಿ, ಬಿಡಲೇ! ಸಣ್ಣೋರು ದೊಡ್ಡೋರಿಗೆ ತಗೀತಾರೇನು?" ಗಾಬರಿಯಿಂದ ಮಣಿಕಟ್ಟು ಹಿಡಿದಳು. ಅಷ್ಟರಲ್ಲಿ ನಾನು ನೆಟಿಗೆ ಮುರಿದಾಗಿತ್ತು.

ಅವ್ವ ಒಂದು ಕ್ಷಣವೂ ತಡಮಾಡಲಿಲ್ಲ. ನನ್ನ ಮುಖ ಎಳೆದುಕೊಂಡು, ಕೆನ್ನೆ ಗಟ್ಟಿಯಾಗಿ ಬಳಿದು, ಕೊಟ್ಟದ್ದನ್ನೆಲ್ಲ ವಾಪಸು ತನ್ನ ತಲೆಗೇ ತೆಗೆದುಕೊಂಡಳು, ಲಟಲಟ. ಅಷ್ಟು ಜನರ ನಡುವೆ ನಾನು ಅತ್ತುಬಿಟ್ಟೆ. ಅವಳು ಏನೂ ಆಗದವಳಂತೆ ಕೈಚೀಲ ಎತ್ತಿಕೊಂಡು, "ನಡಿ, ಬಸ್ ಬಂತು" ಅಂದಳು.