ಏಳು ಸಲ ಹಸನಾದ ಅಕ್ಕಿ

ಬೆಳಿಗ್ಗೆ ಎದ್ದು ಅಂಗಳ ಕಸ ಹೊಡೆದೆ. ನಳ ಬಂದಿತ್ತು, ಎರಡು ಕೊಡ, ಒಂದು ಹಂಡೆ ತುಂಬಿದೆ. ಹಾಲು ಕಾಸಿದೆ, ಯಜಮಾನರ ಅಂಗಿಗೆ ಗುಂಡಿ ಹಚ್ಚಿದೆ, ಪುಂಡಿಪಲ್ಲೆಯ ಸೊಪ್ಪು ಸೋಸಿಟ್ಟೆ. ಆಮೇಲೆ ಮರಳಿ ಊರಿನಿಂದ ನನ್ನ ತಂಗಿ ಕಳಿಸಿದ ಅಕ್ಕಿ ಚೀಲದ ಬಾಯಿ ಬಿಚ್ಚಿ, ಎರಡು ಸೇರು ಮೊರಕ್ಕೆ ಹಾಕಿಕೊಂಡು ಹಸನು ಮಾಡಲು ಕೂತೆ. ಅಂಗಡಿಯ ಅಕ್ಕಿಗೆ ಈಗ ವಾಸನೆಯೇ ಇಲ್ಲ. ಇದು ಊರ ಗಿರಣಿಯದು. ತೌಡಿನ ವಾಸನೆ ಮೂಗಿಗೆ ಹತ್ತಿತು, ಮೊರ ಕೈಯಲ್ಲೇ ನಿಂತಿತು. ಎದುರುಮನೆಯ ಅಕ್ಕ...

ನಾನು ಲಗ್ನವಾಗಿ ಗಂಗಾವತಿಯ ಆ ಓಣಿಗೆ ಬಂದದ್ದು ಎಂಬತ್ತರ ದಶಕದ ನಡುವೆ. ಅಕ್ಕನಿಗೆ ಆಗ ಮೂವತ್ತೈದರ ಆಸುಪಾಸು. ಮಧ್ಯಾಹ್ನದ ಭಾಂಡೆ ತಿಕ್ಕಿ, ಕಟ್ಟೆಯ ಮೇಲೆ ಮೊರ ಹಿಡಿದು ಕೂತರೆ ಬಿಸಿಲು ಇಳಿಯುವವರೆಗೆ ಏಳುತ್ತಿರಲಿಲ್ಲ. ಒಂದೇ ಸೇರು ಅಕ್ಕಿಯನ್ನು ಒಮ್ಮೆ ಮೊರದಲ್ಲಿ, ಒಮ್ಮೆ ಬಿಳಿ ಧೋತರದ ಮೇಲೆ, ಇನ್ನೊಮ್ಮೆ ಕರಿ ಕಂಬಳಿಯ ಮೇಲೆ ಹರವಿ, ಕಾಳು ಕಾಳೇ ಸರಿಸಿ ನೋಡುತ್ತಿದ್ದಳು. ಏಳು ಸಲ. ಐದೋ ಆರೋ ಎಂದು ಅನುಮಾನ ಬಂದರೆ ಮತ್ತೆ ಮೊದಲಿನಿಂದ. ನಡುನಡುವೆ ಕೈಯ ಹಸಿರು ಗಾಜಿನ ಬಳೆಗಳನ್ನು ತಡವಿ ತಡವಿ ನೋಡಿಕೊಳ್ಳುವುದು ಬೇರೆ.

ಏನಂತ ಒಂದು ದಿನ ಕೇಳಿಯೇಬಿಟ್ಟೆ.

"ಬಳಿ ಚೂರು ಅಕ್ಕ್ಯಾಗ ಬಿದ್ದಿದ್ರ ಏನ್ ಮಾಡ್ಲಿ ತಂಗಿ? ಉಂಡವರ ಕರಳು ಹರೀತೈತಿ."

"ಒಂದೂ ಬಳಿ ಒಡದಿಲ್ಲಲ್ಲಕ್ಕಾ."

"ಒಡದಿಲ್ಲಂತ ನನಗೂ ಗೊತ್ತೈತಿ. ಗೊತ್ತಿದ್ರೂ ಬಿಡವಲ್ದು."

ಬೆರಳ ತುದಿಗಳು ಸೀಳಿದ್ದವು. ತಾನು ಹಸನು ಮಾಡಿದ ಅಕ್ಕಿಯ ಅನ್ನವನ್ನು ಅವಳು ಉಣ್ಣುತ್ತಿರಲಿಲ್ಲ. ಮನೆಯವರೆಲ್ಲ ಉಂಡು ಎದ್ದು, ಯಾರಿಗೂ ಏನೂ ಆಗಲಿಲ್ಲವೆಂದು ಗೊತ್ತಾಗುವವರೆಗೆ ಅವಳಿಗೆ ರೊಟ್ಟಿಯೂ ಇಳಿಯುತ್ತಿರಲಿಲ್ಲ.

ಇದನ್ನೆಲ್ಲ ಕಣ್ಣಾರೆ ಕಂಡ ನಮ್ಮ ಓಣಿ ಮಾಡಿದ್ದೇನು? ತಮ್ಮ ತಮ್ಮ ಮನೆಯ ಅಕ್ಕಿ ತಂದು ಅವಳ ಮುಂದೆ ಇಟ್ಟಿತು. ಪುಕ್ಕಟೆ ಕೈ, ಅದೂ ಏಳು ಸಲ ನೋಡುವ ಕೈ! ಮೊರ ಇಟ್ಟು, ಅಲ್ಲೇ ಕಾಲು ಚಾಚಿ ಎಲೆ ಅಡಿಕೆ ಜಗಿಯುತ್ತ ಕೂಡುವ ಹೆಂಗಸರು. ಅವಳು ಬೆವರುತ್ತ ಕಾಳು ಸರಿಸುವಾಗ ಒಬ್ಬರಿಗೊಬ್ಬರು ಕಣ್ಣು ಹೊಡೆದು ನಗುವವರು. ಅವಳ ಅತ್ತೆಗಂತೂ ಹೆಮ್ಮೆಯೇ ಹೆಮ್ಮೆ. "ನಮ್ಮ ಸೊಸಿ ಹಸನ ಮಾಡಿದ ಅಕ್ಕ್ಯಾಗ ಒಂದ ಹಳ್ಳು, ಒಂದ ಕಲ್ಲು ತಗದ ತೋರಸ್ರಿ, ನನ್ನ ಮೂಗುತಿ ಬಿಚ್ಚಿ ಕೊಡ್ತೇನಿ!" ಆ ಮೂಗುತಿ ಕೊನೆಯವರೆಗೂ ಮುದುಕಿಯ ಮೂಗಿನಲ್ಲೇ ಇತ್ತು. ಆ ಮೊರಗಳ ಸಾಲಿನಲ್ಲಿ ನನ್ನದೂ ಒಂದಿತ್ತು. ಹೇಳದೆ ಬಿಟ್ಟರೆ ಸುಳ್ಳಾದೀತು.

ಅಕ್ಕ ಕೇಳಿದ್ದು ಎರಡೇ. ಒಂದು, ಹಸನು ಮಾಡುವಷ್ಟು ಹೊತ್ತು ಬಳೆ ತೆಗೆದಿಡುತ್ತೇನೆ ಎಂದು. ಅತ್ತೆ ಓಣಿಗೆಲ್ಲ ಕೇಳುವಂತೆ ಕೂಗಿದಳು: "ಮುತ್ತೈದಿ ಬರಿಗೈಲೆ ಕುಂದರ್ತಾಳಂತ! ನನ್ನ ಮಗ ಇನ್ನೂ ಜೀವಂತ ಅದಾನ!" ಇನ್ನೊಂದು, ಧಾರವಾಡಕ್ಕೆ ಕರೆದೊಯ್ಯಿರಿ ಎಂದು. ನಮ್ಮ ಕಡೆ ತಲೆಯ ಡಾಕ್ಟರಿಗೆ ತೋರಿಸುವುದೆಂದರೆ ಆಗ ಧಾರವಾಡವೇ. ಗಂಡ ಅಕ್ಕಿ ಗಿರಣಿಯ ಗುಮಾಸ್ತ. ಅವನು ಅಂದದ್ದು ನಮ್ಮ ಕಿಟಕಿಗೇ ಕೇಳಿತು. "ಧಾರವಾಡದ ಹೆಸರ ಎತ್ತಬ್ಯಾಡ. ನಾಳಿ ಮಗಳನ್ನ ನೋಡಾಕ ಯಾವ ಬೀಗರು ಬರ್ತಾರ?" ಮಗಳು ಆಗ ಶಾಲೆಯಲ್ಲಿ ಮೂರನೇ ಇಯತ್ತೆ.

ಕೊನೆಗೆ ಅಕ್ಕನೂ ನಾನೂ ಹೇಮಗುಡ್ಡದ ದೇವಿಗೆ ಹೋಗಿಬರುತ್ತೇವೆಂದು ಮನೆಯಲ್ಲಿ ಹೇಳಿ, ಊರೊಳಗಿನ ಒಬ್ಬ ಡಾಕ್ಟರ ದವಾಖಾನೆಗೆ ಹೋದೆವು. ಎಷ್ಟು ದಿನದಿಂದ ಮನಸ್ಸಿನಲ್ಲಿ ಹೊಂದಿಸಿಟ್ಟಿದ್ದಳೋ, ಬಳೆ, ಚೂರು, ಏಳು ಸಲ, ನಿದ್ದೆ ಬಾರದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. "ನಾ ಮಾಡೋದು ಸುಳ್ಳ ಕೆಲಸಂತ ನನಗ ತಿಳೀತೈತ್ರಿ. ನಿಲ್ಲಸಾಕ ಆಗವಲ್ದ್ರಿ" ಅಂದಳು.

ಡಾಕ್ಟರು ಬೆರಳ ತುದಿ ನೋಡಿದರು. ಮುಲಾಮು ಬರೆದರು. ಶಕ್ತಿಗೆ ಗುಳಿಗೆ ಬರೆದರು. ಆಮೇಲೆ ಕುರ್ಚಿಗೆ ಒರಗಿ ನಕ್ಕರು. "ಇದೇನ್ ಜಡ್ಡಲ್ಲ ತಾಯಿ. ಸಂಸಾರದ ಹೆಣ್ಣಮಕ್ಕಳಿಗೆ ಇಷ್ಟ ಕಾಳಜಿ ಇರಬೇಕು. ನಮ್ಮನಿಯಾಕಿಗೆ ನಿಮ್ಮ ಕಾಲು ಭಾಗ ಇದ್ದಿದ್ರ ನಾ ದಿನಾ ಹಳ್ಳು ಕಡೀತಿರಲಿಲ್ಲ."

ಮೂರನೆಯ ದಿನ ಅವರ ಕಂಪೌಂಡರ ಸೈಕಲ್ ಹಿಂದೆ ಒಂದು ಚೀಲ ಕಟ್ಟಿಕೊಂಡು ಬಂದ. ಡಾಕ್ಟರ ಮನೆಯ ಅಕ್ಕಿ. "ಅವಸರಿಲ್ಲಂತ್ರಿ, ಸಾವಕಾಶ ಮಾಡ್ರಿ ಅಂದಾರ" ಅಂದ. ಓದಿದ ಮನುಷ್ಯ! ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ತೂಗುಹಾಕಿದ ಡಿಗ್ರಿ! ಅದರ ಗಾಜಿನ ಮೇಲಿನ ಧೂಳನ್ನೂ ಯಾರಾದರೂ ಪುಕ್ಕಟೆ ಒರೆಸಲಿ ಎಂದು ಬಿಟ್ಟಿದ್ದರೇನೋ.

ಆ ಸಂಜೆ ಅಕ್ಕ ನನ್ನನ್ನು ಕೇಳಿದಳು. "ತಂಗಿ, ಧಾರವಾಡಕ್ಕ ನೀನಾರ ಕರ್ಕೊಂಡ ಹೋಗ್ತಿ? ನಿಮ್ಮ ಮನಿಯವರು ಮಾಸ್ತರ, ಅವರಿಗೆ ತಿಳೀತೈತಿ." ನಾನು ನಮ್ಮವರನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತದೆ, "ಮಂದಿ ಮನಿ ಉಸಾಬರಿ ನಿನಗ್ಯಾಕ" ಅಂದರು. ನನಗೂ ಅಷ್ಟೇ ಬೇಕಾಗಿತ್ತೇನೋ... ಮರುದಿನ ಅಕ್ಕನ ಕಟ್ಟೆಯ ಕಡೆ ಹೋಗದೆ ಹಿತ್ತಲ ಬಾಗಿಲಿನಿಂದ ನೀರಿಗೆ ಹೋದೆ.

ಅದೇ ತಿಂಗಳು ಯಲಬುರ್ಗಾದಲ್ಲಿ ಅವಳ ಭಾವನ ಮಗಳ ಲಗ್ನ ಗೊತ್ತಾಯಿತು. ಆರು ಚೀಲ ಅಕ್ಕಿ ಬಂದು ಕಟ್ಟೆಯ ಮೇಲೆ ಕೂತವು. ಲಗ್ನದ ಅಕ್ಕಿಯನ್ನು ಓಣಿಯ ಹೆಂಗಸರೆಲ್ಲ ಕೂಡಿ, ಹಾಡು ಹೇಳುತ್ತ ಹಸನು ಮಾಡುವುದು ನಮ್ಮಲ್ಲಿ ಪದ್ಧತಿ. ಈ ಸಲ ಹಾಡು ಮಾತ್ರ ಎಲ್ಲರದು, ಅಕ್ಕಿ ಅವಳದು. ಮೂರನೆಯ ಚೀಲ ನಡೆದಿತ್ತು. ಅಕ್ಕ ಮೊರ ಕೆಳಗಿಟ್ಟು ಎದ್ದಳು. ಅಕ್ಕಿಯಿಂದ ದೂರ, ಓಣಿಯ ತುದಿಯ ಗಟಾರದವರೆಗೆ ನಡೆದಳು. ಅಲ್ಲಿ ಬಗ್ಗಿ ಕೂತು ಎರಡೂ ಕೈಯ ಬಳೆಗಳನ್ನು ಕಲ್ಲಿಗೆ ಹೊಡೆದು ಒಡೆದುಕೊಂಡಳು. ಸೆರಗು ಜಾಡಿಸಿದಳು, ಕೈ ತೊಳೆದಳು, ಬಂದು ಮತ್ತೆ ಮೊರ ಹಿಡಿದಳು. ಒಂದೇ ಸಲ ನೋಡಿ ಆ ಮೊರವನ್ನು ಬುಟ್ಟಿಗೆ ಸುರುವಿದಳು. ಒಂದೇ ಸಲ. ತಲೆ ಎತ್ತಿ ನನ್ನ ಕಡೆ ನೋಡಿ ನಕ್ಕಳು. ನಾನು ಓಣಿಗೆ ಬಂದ ಎರಡು ವರ್ಷದಲ್ಲಿ ಆ ನಗುವನ್ನು ನಾನು ಕಂಡಿರಲಿಲ್ಲ.

ಹಾಡು ನಿಂತಿತು. ಗಂಡ ಬದುಕಿರುವಾಗ ಬಳೆ ಒಡೆದುಕೊಂಡವಳು! ನಿನ್ನೆಯವರೆಗೆ ಅವಳ ಕೈಯನ್ನು ಹೊಗಳಿದ ಹೆಂಗಸರು ತಮ್ಮ ತಮ್ಮ ಮೊರಗಳನ್ನು ಕಸಿದುಕೊಂಡು, ತಮ್ಮ ಮನೆಯ ಹಸನಾಗದ ಅಕ್ಕಿಯನ್ನೇ ಉಡಿಗೆ ಸುರುವಿಕೊಂಡು ಓಡಿದರು. ಆರೂ ಚೀಲ ಲಗ್ನಕ್ಕೆ ಆಗಿಬರುವುದಿಲ್ಲವೆಂದು ಗಿರಣಿಗೆ ವಾಪಸು ಹೋದವು. ಎರಡು ವರ್ಷ ಉಣ್ಣದೆ, ನಿದ್ದೆಗೆಟ್ಟು ಅತ್ತಾಗ ಅದು ಜಡ್ಡಲ್ಲ. ಅರ್ಧ ಡಜನ್ ಬಳೆ ಒಡೆದಾಗ ಮಾತ್ರ ಅವಳಿಗೆ ಹುಚ್ಚು ಹಿಡಿದಿತ್ತು. ಮರುದಿನ ಬೆಳಗಿನ ಬಸ್ಸಿಗೆ ಅವಳನ್ನು ತವರಿಗೆ, ಹನುಮಸಾಗರಕ್ಕೆ ಅಟ್ಟಿದರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಹೊರಗೆ ಬರಲಿಲ್ಲ.

ಸುಮಾರು ವರ್ಷಗಳಾದ ಮೇಲೆ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ಅಣ್ಣನ ಹೆಂಡತಿ ಸಿಕ್ಕಳು. ಅಣ್ಣ ಎರಡನೇ ಇಯತ್ತೆಯಷ್ಟೇ ಓದಿದ ಒಕ್ಕಲುತನದ ಮನುಷ್ಯ. ತಂಗಿ ಬಂದ ವಾರದಲ್ಲೇ, ಯಾರನ್ನೂ ಕೇಳದೆ, ಧಾರವಾಡಕ್ಕೆ ಕರೆದುಕೊಂಡು ಹೋಗಿದ್ದನಂತೆ. "ಗುಳಿಗಿ ತಗೊಂಡ ಮ್ಯಾಲೆ ಭಾಳ ಛಲೋ ಆಗಿದ್ರು ನೋಡ್ರಿ. ಒಂದೆರಡ ಸಲ ನೋಡಿ ಅಕ್ಕಿ ಇಟ್ಟಬಿಡ್ತಿದ್ರು. ನಮ್ಮ ಜೋಡಿ ಕುಂತು ಅನ್ನ ಉಣ್ತಿದ್ರು." ಗಂಡನ ಮನೆಯವರು ಒಮ್ಮೆ ಬಂದಿದ್ದರಂತೆ, ಮಗಳ ಲಗ್ನ ಕೂಡಿ ಬಂದಾಗ. ಕರೆಯಲಿಕ್ಕಲ್ಲ, ಬರಬೇಡ ಎಂದು ಹೇಳಲಿಕ್ಕೆ. ಅದರ ಮುಂದಿನ ಬೇಸಿಗೆಯಲ್ಲಿ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು... "ನಿಮ್ಮನ್ನ ನೆನಸ್ತಿದ್ರು, ಎದುರಮನಿ ತಂಗಿ ದವಾಖಾನಿಗೆ ಕರ್ಕೊಂಡ ಹೋಗಿದ್ಲು ಅಂತಿದ್ರು" ಅಂದಳು. ಹಿತ್ತಲ ಬಾಗಿಲಿನ ಮಾತನ್ನು ಅಕ್ಕ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಇವತ್ತು ಮೊರದ ಅಕ್ಕಿಯನ್ನು ಒಂದೇ ಸಲ ನೋಡಿ ಎದ್ದೆ. ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಅನ್ನ, ಮಜ್ಜಿಗೆ. ಯಜಮಾನರ ಹಲ್ಲಿಗೆ ಒಂದು ಹಳ್ಳು ಸಿಕ್ಕಿತು. "ಕಣ್ಣ ಎಲ್ಲಿಟ್ಟಿದ್ದಿ?" ಅಂದರು. ಹಳ್ಳನ್ನು ತಾಟಿನ ಅಂಚಿಗಿಟ್ಟು, ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಉಂಡರು. ಏನೂ ಆಗಲಿಲ್ಲ. ಮೊದಲು ಮಲಗಿದವರೂ ಅವರೇ. ಅವರಿಗೆ ತಲೆಗಿಂಬಿಗೆ ತಲೆ ತಾಗಿದ್ದೇ ತಡ, ನಿದ್ದೆ. ಆ ಓಣಿಯಲ್ಲಿ ಎಲ್ಲರಿಗೂ ಹಾಗೆಯೇ ನಿದ್ದೆ ಬರುತ್ತಿತ್ತು, ಒಬ್ಬಳನ್ನು ಬಿಟ್ಟು.