ಬಾಯಾರ ಜಮಖಾನೆಯ ಮೇಲೆ

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಮಹಾಂತೇಶ ನಗರದಿಂದ ದಿನಾ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅರ್ಧ ದಾರಿಯವರೆಗೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ. ಉಳಿದರ್ಧ ಬಾಯಾರ ಚಿಂತೆ.

ಬಾಯಾರು ಅಂದರೆ ನಮ್ಮಲ್ಲಿಗೆ ಹೊಸದಾಗಿ ಬಂದ ಕನ್ನಡದ ಶಿಕ್ಷಕಿ. ಬೆಳಗಾವಿಯಲ್ಲಿ ಎಂಥದೋ ತರಬೇತಿ ಮುಗಿಸಿ ಬಂದವರು ಹೊಡೆಯುವುದನ್ನೇ ಬಿಟ್ಟರು. ತಪ್ಪು ಮಾಡಿದವರನ್ನೂ ನೊಂದವರನ್ನೂ ಜಮಖಾನೆಯ ಮೇಲೆ ದುಂಡಗೆ ಕೂಡಿಸಿ ಕೇಳುವರು: ಏನಾಯಿತು, ಯಾರಿಗೆ ನೋವಾಯಿತು, ಸರಿಮಾಡುವುದು ಹೇಗೆ?

ನಮ್ಮಲ್ಲಿ ಪ್ರತಿ ಜೂನ್‌ನಲ್ಲಿ ಮಕ್ಕಳೇ ಪೈಪೋಟಿಯಿಂದ ಲಕ್ಕಿ ಗಿಡದ ಛಡಿ ಕಡಿದು, ಹೊಡೆಯಲೆಂದು ನನಗೆ ತಂದುಕೊಡುವ ರೂಢಿ. ಆ ವರ್ಷ ಒಬ್ಬರೂ ತರಲಿಲ್ಲ. ಬಾಯಾರ ಮೇಜಿನ ಮೇಲೆ ಮಾತ್ರ ದಿನಾ ಅಬ್ಬಲಿಗೆ. ನಾನು ಹಳೆಯ ಛಡಿಗೆ ಎಣ್ಣೆ ಸವರಿಕೊಂಡು ಕೂತೆ.

ಅದೇ ಛಡಿಯಿಂದ ಹಲಸಿ ಎಂಬ ಹಳ್ಳಿಯ ಹುಡುಗಿಯೊಬ್ಬಳಿಗೆ ಹೊಡೆದೆ. ಅವಳ ಲೆಕ್ಕದ ವಹಿಯಲ್ಲೂ ಡಾಕ್ಟರೊಬ್ಬರ ಮಗಳ ವಹಿಯಲ್ಲೂ ಒಂದು ಲೆಕ್ಕ ಸಾಲುಸಾಲೂ ಒಂದೇ ಥರ ಇತ್ತು. ಹಳ್ಳಿಯವಳೇ ನಕಲು ಮಾಡಿದ್ದಾಳೆಂದು ಕೇಳದೆಯೇ ತೀರ್ಮಾನಿಸಿದ್ದೆ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಡಾಕ್ಟರ ಮಗಳು, ನಕಲು ಮಾಡಿದ್ದು ತಾನೆಂದು ಬಾಯಾರ ಮುಂದೆ ಅತ್ತಳಂತೆ. ಅಳುವುದಕ್ಕೂ ಬಾಯಾರೇ ಬೇಕು!

ಬಾಯಾರು ಹಲಸಿಗೆ ಹೋಗಿ ಬಂದರು. “ಅವರವ್ವ ಸಾಲಿ ಬಿಡಸ್ತೀನಿ ಅಂತಾರ್ರಿ ಸರ. ನಾ ಹೇಳಿದ ಮ್ಯಾಲ ನಾಳೆ ಆಕಿನ್ನ ಕರಕೊಂಡು ಬರ್ತಾರ. ನೀವೂ ಕುಂದರಬೇಕು.”

“ನನಗ ಮಣಕಾಲ ನೋವು ಐತ್ರಿ.”

“ಖುರ್ಚಿ ಹಾಕಸ್ತೀನಿ. ಎಲ್ಲಾರೂ ಕೆಳಗ, ನೀವೊಬ್ಬರ ಮ್ಯಾಲ. ನೋಡ್ರಿ ಮತ್ತ.”

ಮರುದಿನ ನಾನೂ ಜಮಖಾನೆಯ ಮೇಲೆ ಕೆಳಗೇ ಕೂತೆ. ಮೊಣಕಾಲು ಕಟಕ್ಕೆಂದಾಗ ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರ ಮಗಳು ತಪ್ಪೊಪ್ಪಿಕೊಂಡಳು. ಆಮೇಲೆ ನಾನು: “ನಿನ್ನ ಕೇಳದ ಹೊಡದೆನವಾ. ತಪ್ಪಾತು.”

ಸರಿಮಾಡಲು ಏನಾಗಬೇಕು ಎಂದು ಬಾಯಾರು ಹಲಸಿಯ ಹುಡುಗಿಯನ್ನು ಕೇಳಿದರು.

“ಆ ಲೆಕ್ಕ ನಾ ಬೋರ್ಡಿನ ಮ್ಯಾಲ ಬಿಡಸ್ತೀನ್ರಿ. ಸರ ನನ್ನ ಜಾಗಾದಾಗ ಕುಂತು ನೋಡ್ಲಿ.”

“ಬರೋಬ್ಬರಿ,” ಎಂದರು ಅವಳ ಅವ್ವ.

ಕೊನೆಯ ಬೆಂಚಿನಲ್ಲಿ ಕೂತೆ. ಅಲ್ಲಿಂದ ಬೋರ್ಡಿನ ಎಡಮೂಲೆ ಕಾಣುವುದೇ ಇಲ್ಲ. ಇಷ್ಟು ವರ್ಷ ನನಗದು ಗೊತ್ತಿರಲಿಲ್ಲ. ಹುಡುಗಿ ಎಲ್ಲೂ ತಡವರಿಸದೆ ಲೆಕ್ಕ ಬಿಡಿಸಿದಳು. ತಿರುಗಿ ಮೊದಲು ನೋಡಿದ್ದು ಬಾಗಿಲಲ್ಲಿ ನಿಂತ ಬಾಯಾರ ಕಡೆ. ಗಣಿತ ಕಲಿಸಿದವನು ನಾನು! ಬಾಯಾರು ಮಾತಾಡುವ ಮೊದಲೇ “ಭಲೇ!” ಎಂದು ಬೆಂಚು ಗುದ್ದಿದೆ.

“ನಾಳೆ ಬರ್ತೀನ್ರಿ ಸರ,” ಎಂದಳು.

ನನಗೇ ಹೇಳಿದ್ದು. ಬಾಯಾರಿಗೆ ಅದು ಕೇಳಿಸಿತೋ ಇಲ್ಲವೋ ಎಂಬ ಚಿಂತೆಯಲ್ಲೇ ಬಸ್ಸು ಹತ್ತಿದೆ.